ಬರೀ ಟನ್ ಲೆಕ್ಕ ಹೇಳ್ಬೇಡಿ ಸರ್: ಕೇಂದ್ರ ಗಣಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರ,

ನಾನು ಹಾವೇರಿ ಜಿಲ್ಲೆಯವನು, ಓದಿದ್ದು ಜಿಯಾಲಜಿ, ಮನೇಲಿ ಒಕ್ಕಲುತನ. ಮುಂಗಾರು ಬಿತ್ತನೆ ಟೈಮಲ್ಲಿ ಡಿಎಪಿಗೆ ಸೊಸೈಟಿ ಮುಂದೆ ಪಾಳಿ ಹಚ್ಚೋದು ನಮ್ಮ ಕಡೆ ಹೊಸದಲ್ಲ, 2008ರ ಜೂನ್‌ನಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಹಾವೇರಿಯಲ್ಲಿ ಗೋಲಿಬಾರ್ ಆಗಿ ಜೀವ ಹೋಗಿದ್ದನ್ನ ಇಲ್ಲಿ ಯಾರೂ ಮರೆತಿಲ್ಲ. ಹಂಗಾಗಿ ಎಲ್ಲೋ ಫಾಸ್ಫೇಟ್, ಅಂದ್ರೆ ಡಿಎಪಿ ಮಾಡೋಕೆ ಬೇಕಾದ ಕಲ್ಲು, ಸಿಕ್ತು ಅಂತ ಸುದ್ದಿ ಬಂದ್ರೆ ನಮ್ಮೂರಲ್ಲಿ ಜನ ನಿಜವಾಗ್ಲೂ ಆಸೆ ಇಟ್ಕೊಂಡು ಓದ್ತಾರೆ ಸರ್.

ಆದ್ರೆ ಆ ಸುದ್ದೀಲಿ ಇರೋದು ಬರೀ ಟನ್ನು. ಆ ಟನ್ನು ಹೆಂಗೆ ಬರುತ್ತೆ ನೋಡಿ. ನಿಕ್ಷೇಪ 1 ಕಿಲೋಮೀಟರ್ ಉದ್ದ, 10 ಮೀಟರ್ ದಪ್ಪ, 100 ಮೀಟರ್ ಆಳ ಇದ್ರೆ 10 ಲಕ್ಷ ಘನ ಮೀಟರ್, ಒಂದು ಘನ ಮೀಟರಿಗೆ 2.8 ಟನ್ ಹಿಡಿದ್ರೆ 28 ಲಕ್ಷ ಟನ್ ಕಲ್ಲು. ಅದರಲ್ಲಿ ಪಿ2ಓ5 (ಕಲ್ಲಲ್ಲಿರೋ ರಂಜಕವನ್ನ ಅಳೆಯೋ ಲೆಕ್ಕ, ಇದರ ಶೇಕಡಾವಾರೇ ಗ್ರೇಡ್) ಶೇ 16 ಇದ್ರೆ ಬೆಳೆಗೆ ಬೇಕಾದ್ದು ಸುಮಾರು ನಾಲ್ಕೂವರೆ ಲಕ್ಷ ಟನ್ ಮಾತ್ರ, ಅದರಲ್ಲೂ ಕಲ್ಲು ಅರೆದು ಬೇರ್ಪಡಿಸುವಾಗ ಒಂದಷ್ಟು ಹೋಗುತ್ತೆ, ಮೇಲಿನ ಬೇಡದ ಕಲ್ಲು ತೆಗೆಯೋ ಖರ್ಚು ಬೇರೆ. ಇನ್ನು ಆ 10 ಮೀಟರ್ ದಪ್ಪ ಉದ್ದಕ್ಕೂ ಹಂಗೇ ಇದೆ ಅಂತ ಹೇಳೋಕೆ ಹತ್ತಿರ ಹತ್ತಿರ ಬೋರ್ ಕೊರೆದು ಕೋರ್ (ಉದ್ದನೆ ಕೋಲಿನಂಥ ಕಲ್ಲಿನ ಮಾದರಿ) ತೆಗೆದು ನೋಡಿರ್ಬೇಕು, ದೂರದೂರ ಎರಡು ಬೋರ್ ಹಾಕಿ ನಡುವೆ ಗೆರೆ ಎಳೆದ್ರೆ ಅದು ಅಂದಾಜು ಅಷ್ಟೇ.

ರಾಜಸ್ಥಾನದ ಉದಯಪುರದ ಹತ್ತಿರ ಝಾಮರಕೋಟ್ರಾ ಫಾಸ್ಫೇಟ್ ಗಣೀಲೇ ನೋಡಿ, ಪಿ2ಓ5 ಶೇ 30 ದಾಟಿದ ಕಲ್ಲನ್ನ ನೇರವಾಗಿ ಮಾರಬಹುದು, ಕಮ್ಮಿ ಗ್ರೇಡಿನದು ಡಾಲಮೈಟ್ ಅನ್ನೋ ಬೇರೆ ಖನಿಜದ ಜೊತೆ ಬೆರೆತಿರೋದ್ರಿಂದ ಅದನ್ನ ಬೇರ್ಪಡಿಸೋಕೆ ಪ್ಲಾಂಟೇ ಬೇಕು. ಒಂದೇ ಗಣಿ, ಎರಡು ಥರ ಬೆಲೆ.

ದೇಶದ ಲೆಕ್ಕವೂ ಹಿಂಗೇ ಇದೆ. 2015ರ ಅಂದಾಜಿನ ಪ್ರಕಾರ ನಮ್ಮ ರಾಕ್ ಫಾಸ್ಫೇಟ್ ಒಟ್ಟು 31 ಕೋಟಿ ಟನ್, ಅದರಲ್ಲಿ ಲಾಭಕ್ಕೆ ತೆಗೀಬಹುದಾದ ರಿಸರ್ವ್ 5 ಕೋಟಿ ಟನ್ನಿಗೂ ಕಮ್ಮಿ! ಹೊರಗೂ ಅಷ್ಟೇ, ಅಮೆರಿಕದ ಭೂಗರ್ಭ ಸರ್ವೆ ಸಂಸ್ಥೆ ಯುಎಸ್‌ಜಿಎಸ್ ಪಟ್ಟಿಯಲ್ಲಿ ಮೊರಾಕ್ಕೊ ರಿಸರ್ವ್ 2010ರಲ್ಲಿ 570 ಕೋಟಿ ಟನ್ ಇದ್ದಿದ್ದು 2011ರಲ್ಲಿ 5000 ಕೋಟಿ ಆಯ್ತು, ಇರಾಕಿನದು 580 ಕೋಟಿ ಇದ್ದಿದ್ದು 2013ರಲ್ಲಿ 46 ಕೋಟಿಗೆ ಇಳೀತು. ನೆಲದೊಳಗಿನ ಕಲ್ಲು ಹೆಚ್ಚೂ ಆಗ್ಲಿಲ್ಲ ಕಮ್ಮೀನೂ ಆಗ್ಲಿಲ್ಲ, ಲೆಕ್ಕ ಹಾಕೋ ರೀತಿ ಬದಲಾಯ್ತು.

2023ರಲ್ಲಿ ಕಾನೂನು ತಿದ್ದಿ ಫಾಸ್ಫೇಟನ್ನ ಕ್ರಿಟಿಕಲ್ ಮಿನರಲ್ (ದೇಶಕ್ಕೆ ತೀರಾ ಮುಖ್ಯವಾದ ಖನಿಜ) ಪಟ್ಟಿಗೆ ಸೇರಿಸಿ ಹರಾಜು ಕೇಂದ್ರದ ಕೈಗೇ ಬಂದಿದೆ, ಹಂಗಾಗಿ ನಿಮ್ಮನ್ನೇ ಕೇಳ್ತಿದೀನಿ. ಹರಾಜಿಗಿಡೋ ಗಣಿ ಬ್ಲಾಕ್ ಪ್ರಕಟಣೆ ಮಾಡುವಾಗ ಟನ್ ಜೊತೆಗೆ ಗ್ರೇಡ್ ಎಷ್ಟು, ಶೋಧನೆ ಜಿ4 (ಮೊದಲ ಮೇಲ್ನೋಟದ) ಹಂತದ್ದೋ ಜಿ2 (ಅದಕ್ಕಿಂತ ವಿವರವಾದ) ಹಂತದ್ದೋ, ಬೋರುಗಳ ನಡುವೆ ಅಂತರ ಎಷ್ಟು, ಲ್ಯಾಬ್ ಟೆಸ್ಟಲ್ಲಿ ಕಲ್ಲಿಂದ ಪಿ2ಓ5 ಎಷ್ಟು ಪಾಲು ವಾಪಸ್ ಸಿಕ್ತು ಅನ್ನೋದನ್ನ ಪತ್ರಿಕಾ ಹೇಳಿಕೆಯಲ್ಲೇ ಕನ್ನಡ ಸೇರಿ ಎಲ್ಲಾ ಭಾಷೇಲಿ ಹಾಕಿ. ರಿಸರ್ವ್ ಆಗದೆ ಉಳಿದಿರೋ ಆ 26 ಕೋಟಿಗೂ ಹೆಚ್ಚು ಟನ್ನಿನ ಮೇಲೆ ದುಡ್ಡು ಹಾಕಿ, ಇನ್ನಷ್ಟು ಬೋರ್ ಕೊರೆಸಿ, ಕಮ್ಮಿ ಗ್ರೇಡ್ ಕಲ್ಲಿಗೆ ಪೈಲಟ್ ಪ್ಲಾಂಟ್ ಟೆಸ್ಟ್ ಮಾಡಿಸಿ. ಮಂಗಳೂರಿನ ಪಣಂಬೂರಿನ ಗೊಬ್ಬರ ಕಾರ್ಖಾನೆಗೆ ಫಾಸ್ಫೋರಿಕ್ ಆಸಿಡ್ (ಫಾಸ್ಫೇಟ್ ಕಲ್ಲಿಂದ ಮಾಡೋ, ಡಿಎಪಿಗೆ ಬೇಕಾದ ಆಮ್ಲ) ಇವತ್ತಿಗೂ ಹಡಗಲ್ಲೇ ಬರ್ತಿದೆ ಸರ್, ಆ ಹಡಗು ಎಷ್ಟು ಕಮ್ಮಿ ಆಗಬಹುದು ಅಂತ ರೈತರಿಗೆ ನಿಜವಾದ ಲೆಕ್ಕ ಕೊಡಿ. ಮುಂದಿನ ಹರಾಜು ನೋಟಿಸಿಂದಲೇ ಶುರು ಮಾಡಿ ಅಂತ ಕೈಮುಗಿದು ಕೇಳ್ಕೊಳ್ತೀನಿ.

ಇಂತಿ,
ಹಾವೇರಿ ಜಿಲ್ಲೆಯ ಒಬ್ಬ ರೈತನ ಮಗ