ಅಜ್ಜನಿಗೆ ಕೊಟ್ಟ ಒಂದು ಲೋಟ ನೀರು

ಪುಟ್ಟೀ,

ಸ್ಪೀಚ್ ಥೆರಪಿ ಓದಲು ಹೊರಟ ನಿನ್ನನ್ನು ಬೆಳಿಗ್ಗೆ ಮೈಸೂರಿನ ರೈಲು ಹತ್ತಿಸಿ ಬಂದೆ. ಹೇಳಬೇಕು ಅಂದುಕೊಂಡಿದ್ದು ಒಂದೂ ಬಾಯಿಗೆ ಬರಲಿಲ್ಲ. ನೀಟ್ ರಿಸಲ್ಟ್ ದಿನದ ಜಗಳ ಮತ್ತೆ ಬರೆಯುವುದಿಲ್ಲ. ನಿನಗೂ ನೆನಪಿದೆ, ನನಗೂ ನೆನಪಿದೆ.

ನಿನಗೆ ಗೊತ್ತಿಲ್ಲದ್ದು ಒಂದಿದೆ.

ಅಜ್ಜನಿಗೆ ಲಕ್ವ ಹೊಡೆದಾಗ ನೀನು ನಾಲ್ಕನೇ ಕ್ಲಾಸು. ನಾವು ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತಿತ್ತು. ಅವರು ಹೇಳಲು ಹೋದರೆ ಬೇರೆಯೇ ಪದ ಬರುತ್ತಿತ್ತು. ಒಂದು ಮಧ್ಯಾಹ್ನ 'ಬಾಗಿಲು, ಬಾಗಿಲು' ಅಂದರು. ತೆಗೆದೆ. ಅಲ್ಲ ಅಂತ ತಲೆ ಆಡಿಸಿದರು. ಹಾಕಿದೆ. ಮತ್ತೆ 'ಬಾಗಿಲು'. ಐದಾರು ಸಲ ಹೀಗೇ. ಕೊನೆಗೆ ಅತ್ತೇಬಿಟ್ಟರು. ಅವರಿಗೆ ಬೇಕಾಗಿದ್ದದ್ದು ನೀರು.

ಮಾತು, ನುಂಗುವುದು ಎರಡಕ್ಕೂ ಚಿಕಿತ್ಸೆ ಕೊಡಲು ಮನೆಗೆ ಬರುತ್ತಿದ್ದ ಸ್ಪೀಚ್ ಥೆರಪಿಸ್ಟ್ ಹುಡುಗಿ ಚಿತ್ರದ ಕಾರ್ಡು ಕೊಟ್ಟು ಹೋಗಿದ್ದಳು. ಬೇಕಾದ್ದನ್ನು ಬೆರಳಿಟ್ಟು ತೋರಿಸಲಿ ಅಂತ. ನಾನು ಅದನ್ನು ಬೀರುವಿನ ಮೇಲಿಟ್ಟಿದ್ದೆ. ಇನ್ನೊಂದು ಮಾತನ್ನೂ ಹೇಳಿದ್ದಳು: 'ನೀರು ಹಾಗೇ ಕೊಡಬೇಡಿ. ನುಂಗುವ ಶಕ್ತಿ ಕಡಿಮೆಯಾಗಿದೆ, ಶ್ವಾಸಕೋಶಕ್ಕೆ ಇಳಿಯುತ್ತದೆ. ಪುಡಿ ಹಾಕಿ ಗಟ್ಟಿ ಮಾಡಿ, ನೆಟ್ಟಗೆ ಕೂರಿಸಿ, ಚಮಚದಲ್ಲಿ ಕೊಡಿ.' ಇವಳೇನು ಡಾಕ್ಟರಾ ಅಂದುಕೊಂಡೆ. ಅವತ್ತು ಒಂದು ಲೋಟ ನೀರು ಕುಡಿಸಿದೆ, ಮಲಗಿದ್ದ ಹಾಗೇ. ತುಂಬ ಕೆಮ್ಮಿದರು. ಮೂರನೇ ದಿನ ಜ್ವರ. ನ್ಯುಮೋನಿಯಾ ಅಂದರು. ಮತ್ತೆ ಆಸ್ಪತ್ರೆ. ಉಳಿದರು, ಆದರೆ ಮೊದಲಿನ ಹಾಗೆ ಎದ್ದು ಕೂರಲಿಲ್ಲ. ಆ ನೀರಿನಿಂದಲೇ ಆಯ್ತಾ ಅಂತ ನಾನು ಯಾರನ್ನೂ ಕೇಳಲಿಲ್ಲ. ಕೇಳಲು ಭಯ.

ಅದೇ ಹುಡುಗಿ ಆಮೇಲೆ ಅಜ್ಜನ ಕೈಯಲ್ಲಿ ಭಜನೆ ಹೇಳಿಸಿದಳು. ಮಾತು ಬಾರದ ಬಾಯಲ್ಲಿ ಹಾಡು ಬಂತು. ಮಾತಿಗೆ ಮಿದುಳಿನ ಎಡಭಾಗ ಮುಖ್ಯ, ರಾಗಕ್ಕೆ ಬಲಭಾಗವೂ ಕೈಜೋಡಿಸುತ್ತದಂತೆ. ನೀನು ಬಾಗಿಲ ಹತ್ತಿರ ನಿಂತು ಅವಳನ್ನೇ ನೋಡುತ್ತಿದ್ದೆ. ನಾನು ಅವಳಿಗೆ ಕಾಫಿ ಕೂಡ ಕೇಳಲಿಲ್ಲ.

ಇಷ್ಟೆಲ್ಲ ಕಂಡೂ ನಿನಗೆ 'ಡಾಕ್ಟರೂ ಅಲ್ಲ, ನರ್ಸೂ ಅಲ್ಲ, ಇದೆಂಥ ಓದು' ಅಂದೆ. ತಪ್ಪಾಯ್ತು ಮಗಳೇ.

ಈಗ ನಾನೂ ಓದಿ ತಿಳಿದುಕೊಂಡೆ. ಹೃದಯ ನಿಲ್ಲಿಸಿ ಆಪರೇಷನ್ ಮಾಡುವಾಗ ರಕ್ತ ಓಡಿಸುವ ಯಂತ್ರ ನೋಡಿಕೊಳ್ಳುವವರು ಪರ್ಫ್ಯೂಷನಿಸ್ಟ್. ಲಕ್ವ ಹೊಡೆದವರಿಗೆ ಅಂಗಿಯ ಗುಂಡಿ ಹಾಕುವುದನ್ನು ಮತ್ತೆ ಕಲಿಸುವವರು ಆಕ್ಯುಪೇಷನಲ್ ಥೆರಪಿಸ್ಟ್. ಇಂಥ ಹತ್ತಾರು ಕೆಲಸಗಳಿಗೆ 2021ರಲ್ಲಿ ಕೇಂದ್ರದಿಂದ ಒಂದು ಕಾನೂನೇ ಬಂದಿದೆ. ನಿನ್ನ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಮೈಸೂರಿನಲ್ಲೇ ಇದೆ. ಎಷ್ಟು ಸಲ ಮೈಸೂರಿಗೆ ಹೋಗಿದ್ದೇನೆ, ಒಮ್ಮೆಯೂ ಆ ಕಡೆ ನೋಡಿರಲಿಲ್ಲ.

ನಾಲ್ಕು ವರ್ಷದ ಕೋರ್ಸು, ಇಂಟರ್ನ್‌ಶಿಪ್ ಸೇರಿ. ಕೊನೆ ವರ್ಷ ಅಂತ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡ. ಮುಗಿದ ಮೇಲೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ (ಆರ್‌ಸಿಐ) ನೋಂದಣಿ ಮಾಡಿಸದೆ ಕೆಲಸಕ್ಕೆ ಇಳಿಯಬೇಡ. ಹುಟ್ಟಿದ ಮಗುವಿಗೆ ಕಿವಿ ಕೇಳುತ್ತದಾ ಅಂತ ಬೇಗ ನೋಡದಿದ್ದರೆ ಮಾತೂ ಹಿಂದೆ ಬೀಳುತ್ತದೆ. ಹಾಗಾಗಿ ಆಡಿಯಾಲಜಿಯನ್ನೂ, ಅಂದರೆ ಕಿವಿ ಕೇಳುವುದರ ಓದನ್ನೂ, ಚೆನ್ನಾಗಿ ಕಲಿ. ಮನೆಯವರು ನಿನ್ನ ಮಾತು ಕೇಳದಿದ್ದರೆ ಎರಡನೇ ಸಲ ಹೇಳು. ಮೂರನೇ ಸಲವೂ ಹೇಳು. ನನ್ನಂಥವರು ಪ್ರತಿ ಮನೆಯಲ್ಲೂ ಇರುತ್ತಾರೆ. ನೋಡು, ಮತ್ತೆ ಪಾಠ ಶುರು ಮಾಡಿಬಿಟ್ಟೆ.

ತಿಂಡಿ ಬಿಡಬೇಡ. ದುಡ್ಡು ಜಾಸ್ತಿ ಬೇಕಾದರೆ ಕೇಳು, ಸಂಕೋಚ ಬೇಡ. ಇವತ್ತು ಅಂಗಡಿಗೆ ಬಂದವರಿಗೆಲ್ಲ ನೀನು ಏನು ಓದುತ್ತೀಯ ಅಂತ ಹೇಳಿದೆ, ಅವರು ಕೇಳದಿದ್ದರೂ.

ನೀರಿನ ವಿಷಯ ಅಮ್ಮನಿಗೆ ಗೊತ್ತಿಲ್ಲ. ನೀನು ಹೇಳಬೇಡ. ನಾನೇ ಹೇಳುತ್ತೇನೆ.

ಅಪ್ಪ