ದೂರು ಪೆಟ್ಟಿಗೆ ನೇತುಹಾಕಿದರೆ ಮುಗಿಯಿತೇ?

ಮಾನ್ಯ ಸಂಪಾದಕರೇ,

ಜಗುಲಿಯಲ್ಲೊಂದು ದೂರು ಪೆಟ್ಟಿಗೆ, ಗೋಡೆಯ ಮೇಲೆ ಮಕ್ಕಳ ಸಹಾಯವಾಣಿ 1098. ಇವೆರಡಿದ್ದರೆ ಶಾಲೆಯಲ್ಲಿ ಮಕ್ಕಳೇ ಮಕ್ಕಳಿಗೆ ಕೊಡುವ ಕಾಟ ತಡೆದಂತಾಯಿತು ಎಂದು ನಾವು ನಂಬಿದ್ದೇವೆ. ಪೆಟ್ಟಿಗೆ ತೆರೆದರೆ ಸಿಗುವುದು ಜೇಡರ ಬಲೆ ಮತ್ತು ಚಾಕಲೇಟಿನ ಸಿಪ್ಪೆ. ದೂರು ಬೀಳದಿರಲು ಕಾರಣ ಉಂಟು. ಪೆಟ್ಟಿಗೆ ಇರುವುದು ಮುಖ್ಯೋಪಾಧ್ಯಾಯರ ಕೋಣೆಯ ಬಾಗಿಲಲ್ಲಿ, ಚೀಟಿ ಹಾಕುವವನನ್ನು ಇಡೀ ಶಾಲೆ ನೋಡುತ್ತದೆ. ಅಕ್ಷರ ನೋಡಿದರೇ ಯಾರದೆಂದು ಗೊತ್ತಾಗುವಷ್ಟು ಸಣ್ಣ ಶಾಲೆಗಳು ನಮ್ಮ ಕಡೆ ಬಹಳ.

ಶುಕ್ರವಾರದ ಕೊನೆಯ ಅವಧಿಯಲ್ಲಿ ಎಲ್ಲರಿಗೂ ಒಂದೇ ಅಳತೆಯ ಚೀಟಿ ಕೊಡಿ, ಎಲ್ಲರೂ ಬರೆಯಲೇಬೇಕು. ಹೇಳುವುದೇನೂ ಇಲ್ಲದವರು ಈ ವಾರದ ಬಿಸಿಯೂಟದ ಬಗ್ಗೆಯಾದರೂ ಎರಡು ಸಾಲು ಗೀಚಲಿ. ಇಡೀ ತರಗತಿ ಒಟ್ಟಿಗೆ ಬರೆಯುವಾಗ ದೂರು ಬರೆದವನು ಯಾರೆಂದು ಪಕ್ಕದವನಿಗೂ ತಿಳಿಯದು. ಬರೆಯಲು ಬಾರದ ಚಿಕ್ಕವರಿಗೆ ಶಾಲೆಯ ನಕ್ಷೆ ಬಿಡಿಸಿಕೊಟ್ಟು, ಹೆದರಿಕೆಯಾಗುವ ಜಾಗಕ್ಕೆ ಕೆಂಪು ಬಣ್ಣ ಹಚ್ಚಲು ಹೇಳಿದರೆ ಸಾಕು. ಪೆಟ್ಟಿಗೆಗೆ ಎರಡು ಬೀಗ ಹಾಕಿ, ಒಂದರ ಕೀಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿರುವ (ಎಸ್‌ಡಿಎಂಸಿ) ಒಬ್ಬ ತಾಯಿಯ ಕೈಯಲ್ಲಿರಲಿ.

ಕೆಂಪು ಬೀಳುವುದು ಹೆಚ್ಚಾಗಿ ದೊಡ್ಡವರ ಕಣ್ಣು ತಲುಪದ ಜಾಗಕ್ಕೆ: ಶೌಚಾಲಯದ ಹಿಂಬದಿ, ಕೈ ತೊಳೆಯುವ ನಲ್ಲಿ, ಬಸ್‌ ತಂಗುದಾಣ. ಮಳೆಗಾಲದಲ್ಲಿ ಜಗುಲಿಯೂ ಈ ಪಟ್ಟಿಗೆ ಸೇರುತ್ತದೆ. ಜೂನ್‌ನಲ್ಲಿ ಮೈದಾನ ಕೆಸರಾಯಿತೆಂದರೆ ಒಂದರಿಂದ ಏಳನೆಯವರೆಗಿನ ಎಲ್ಲರೂ ಅಲ್ಲೇ ಒತ್ತಿಕೊಂಡಿರಬೇಕು. ಆಗ ಶುರುವಾಗುತ್ತದೆ ಕೊಡೆಯ ಕಡ್ಡಿ ಮುರಿಯುವುದು, ಜೋಡಿಯಲ್ಲಿ ಒಂದೇ ಚಪ್ಪಲಿ ಗಟಾರಕ್ಕೆ ಎಸೆಯುವುದು, ಸೂರಿನ ನೀರು ಬೀಳುವಲ್ಲಿಗೆ ದೂಡಿ ಸಂಜೆಯವರೆಗೆ ಒದ್ದೆ ಬಟ್ಟೆಯಲ್ಲಿ ಕೂರಿಸುವುದು. ಮನೆಗೆ ಹೋದರೆ ‘ಎಷ್ಟು ಕೊಡೆ ಕಳೀತೆ ಮಾರಾಯಾ’ ಎಂದು ಆ ಮಗುವಿಗೇ ಬೈಗುಳ. ತಿಂಗಳಲ್ಲಿ ಎರಡು ಕೊಡೆ ಹೋದರೆ ಮಗುವಿನ ಮರೆವನ್ನು ದೂರುವ ಮೊದಲು ಜಗುಲಿಯಲ್ಲಿ ಏನು ನಡೆಯುತ್ತಿದೆ ಎಂದು ವಿಚಾರಿಸಬೇಕು. ಮಳೆಗಾಲ ಮುಗಿಯುವವರೆಗೆ ಸಣ್ಣವರಿಗೂ ದೊಡ್ಡವರಿಗೂ ಬಿಡುವಿನ ಹೊತ್ತು ಹತ್ತು ನಿಮಿಷ ಹಿಂದೆ ಮುಂದೆ ಮಾಡಿದರೆ ಈ ಗಲಾಟೆಯ ದೊಡ್ಡ ಪಾಲು ಇಳಿಯುತ್ತದೆ.

ಇಬ್ಬರೇ ಶಿಕ್ಷಕರಿರುವಲ್ಲಿ ಕಾಯುವವರು ಯಾರು ಎನ್ನಬಹುದು. ಅಡುಗೆಯವರನ್ನು ಕೇಳಿ. ಯಾರ ತಟ್ಟೆಯಿಂದ ಯಾರು ಎತ್ತಿಕೊಳ್ಳುತ್ತಾರೆ, ಯಾರು ದಿನಾ ಒಬ್ಬರೇ ಕಂಬಕ್ಕೆ ಒರಗಿ ಉಣ್ಣುತ್ತಾರೆ ಎಂಬುದು ಅವರಿಗೆ ಗೊತ್ತಿರುವಷ್ಟು ಮೇಷ್ಟ್ರಿಗೆ ಗೊತ್ತಿರುವುದಿಲ್ಲ. ಇನ್ನೊಂದು ಮಾತು. ಮೊಟ್ಟೆ ತಿನ್ನುವವರದ್ದೊಂದು ಸಾಲು, ಬಾಳೆಹಣ್ಣಿನವರದ್ದೊಂದು ಸಾಲು ಮಾಡಿ ಕೂರಿಸಬೇಡಿ. ಜಾತಿಯ ಗೇಲಿಗೆ ನಾವೇ ಮಣೆ ಹಾಕಿಕೊಟ್ಟಂತೆ.

ಎಲ್ಲ ಜಗಳವೂ ಕಾಟವಲ್ಲ. ಸಮಾನ ಬಲದ ಇಬ್ಬರು ಹೊಡೆದಾಡಿ ಮರುದಿನ ಕೂಡಿ ಆಡಿದರೆ ಅದು ಜಗಳ. ಒಬ್ಬನ ಕೈ ಸದಾ ಮೇಲೆ, ಬೇಕೆಂದೇ, ಮತ್ತೆ ಮತ್ತೆ ಆದರೆ ಅದು ಕಾಟ. ಇವೆರಡನ್ನು ಒಂದೇ ಮಾಡಿದಾಗಲೇ ದೊಡ್ಡ ತಪ್ಪಾಗುವುದು: ಇಬ್ಬರನ್ನೂ ಎದುರು ಬದುರು ನಿಲ್ಲಿಸಿ ‘ಸಾರಿ ಹೇಳು, ಕೈ ಕುಲುಕು’ ಎಂದು ರಾಜಿ ಮಾಡಿಸುವುದು. ಜಗಳಕ್ಕೆ ಇದು ಮದ್ದು, ಕಾಟಕ್ಕೆ ವಿಷ. ದೂರು ಕೊಟ್ಟವನು ಯಾರೆಂದು ಅಲ್ಲೇ ಬಯಲಾಗುತ್ತದೆ, ಸಂಜೆ ಗೇಟಿನ ಹೊರಗೆ ಬಡ್ಡಿ ಸಮೇತ ತೀರುತ್ತದೆ. ಮತ್ತೆ ಆ ಮಗು ಬಾಯಿ ಬಿಡುವುದಿಲ್ಲ, ನಾವು ‘ಈಗ ಸರಿಯಾಗಿದ್ದಾರೆ’ ಎಂದುಕೊಳ್ಳುತ್ತೇವೆ.

ಮೊದಲು ನೊಂದ ಮಗುವನ್ನು ಒಂಟಿಯಾಗಿ ಕೂರಿಸಿಕೊಂಡು ಕೇಳಬೇಕು. ‘ಯಾಕೆ’ ಎಂಬ ಪ್ರಶ್ನೆ ಬೇಡ, ಅದು ತಪ್ಪು ಹೊರಿಸಿದಂತೆ ಕೇಳುತ್ತದೆ. ಎಲ್ಲಿ, ಎಷ್ಟು ಹೊತ್ತಿಗೆ, ಹತ್ತಿರ ಯಾರಿದ್ದರು ಎಂದು ಕೇಳಿ, ಅದರ ಮಾತಿನಲ್ಲೇ ಬರೆದುಕೊಳ್ಳಿ. ಅದೇ ದಿನ ಉಳಿದವರನ್ನು ಬೇರೆ ಬೇರೆ ಕೋಣೆಯಲ್ಲಿ ಒಂದೇ ಹೊತ್ತಿಗೆ ವಿಚಾರಿಸಿ, ಇಲ್ಲವಾದರೆ ಬಿಡುವಿನಲ್ಲಿ ಎಲ್ಲರ ಕಥೆಯೂ ಒಂದೇ ಆಗಿಬಿಡುತ್ತದೆ. ಎರಡು ದಿನ, ಒಂದು ವಾರ, ಒಂದು ತಿಂಗಳು ಬಿಟ್ಟು ಮತ್ತೆ ವಿಚಾರಿಸಬೇಕು. ಹೆಚ್ಚಿನವರು ಕೈ ಬಿಡುವುದು ಇಲ್ಲೇ. ಒಂದು ಲಾಂಗ್‌ ಬುಕ್ಕಿನಲ್ಲಿ ದಿನಾಂಕ, ಹೊತ್ತು, ಜಾಗ, ಕಂಡವರು, ಕೈಗೊಂಡ ಕ್ರಮ ಎಂದು ಗೆರೆ ಹಾಕಿ ಬರೆಯುತ್ತ ಹೋದರೆ ಎರಡು ತಿಂಗಳಲ್ಲಿ ಅದೇ ಜಾಗ, ಅದೇ ಮೂರ್ನಾಲ್ಕು ಹೆಸರು ಮೇಲೆ ಬರುತ್ತವೆ. ಎಸ್‌ಡಿಎಂಸಿ ಸಭೆಯಲ್ಲಿ ಜಾಗ ಮತ್ತು ಸಂಖ್ಯೆ ಓದಿ, ಹೆಸರು ಬೇಡ.

ನೋಡುತ್ತ ನಿಂತವರು ನಗದಿದ್ದರೆ ಕಾಡುವವನಿಗೆ ಅರ್ಧ ರುಚಿ ಹೋಗುತ್ತದೆ. ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯದವರು ರೂಪಿಸಿದ ‘ಕಿವಾ’ ಕಾರ್ಯಕ್ರಮ ನಿಂತಿರುವುದೇ ಇದರ ಮೇಲೆ. ಎದುರಿಸಿ ಹೊಡೆದಾಡು ಎಂದು ಮಕ್ಕಳಿಗೆ ಹೇಳಬೇಕಿಲ್ಲ. ‘ಬಾ, ಅಕ್ಕೋರು ಕರೀತಿದ್ದಾರೆ’ ಎಂದು ಸುಳ್ಳೇ ಹೇಳಿ ಆ ಮಗುವನ್ನು ಅಲ್ಲಿಂದ ಎಬ್ಬಿಸಿಕೊಂಡು ಹೋಗಲು ಕಲಿಸಿದರೆ ಸಾಕು.

ಆದರೆ ನಗು ಮೇಜಿನ ಕಡೆಯಿಂದಲೇ ಹೊರಟರೆ? ಯಲ್ಲಾಪುರ, ಹಳಿಯಾಳದ ಕಡೆ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳ ಕೂದಲು, ಕರಾವಳಿಯಲ್ಲಿ ಮೀನುಗಾರರ ಮಕ್ಕಳ ‘ವಾಸನೆ’, ಕಾರವಾರದ ಮಕ್ಕಳ ಕನ್ನಡದಲ್ಲಿ ಇಣುಕುವ ಕೊಂಕಣಿ ರಾಗ ಇವುಗಳ ಮೇಲೆ ಶಿಕ್ಷಕರು ಒಮ್ಮೆ ಚಟಾಕಿ ಹಾರಿಸಿದರೆ ತರಗತಿಗೆ ವರ್ಷವಿಡೀ ಪರವಾನಗಿ ಸಿಕ್ಕಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯ ಜೊತೆ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ.

ಹೈಸ್ಕೂಲಿನಲ್ಲಿ ಕಾಟ ವಾಟ್ಸ್‌ಆ್ಯಪ್‌ಗೆ ಏರುತ್ತದೆ. ಸಂದೇಶ ಅಳಿಸದೆ, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್‌ ಇಟ್ಟುಕೊಳ್ಳಿ. ಮಗುವಿನ ಅಶ್ಲೀಲ ಚಿತ್ರವಾಗಿದ್ದರೆ ಮಾತ್ರ ಸಾಕ್ಷಿಗೆಂದೂ ಯಾರಿಗೂ ಕಳಿಸಬೇಡಿ, ಫೋನನ್ನೇ ಪೊಲೀಸರಿಗೆ ತೋರಿಸಿ. ಲೈಂಗಿಕ ಕಿರುಕುಳವೆಂದು ತಿಳಿದೂ ‘ಶಾಲೆಯ ಹೆಸರು’ ಎಂದು ಮುಚ್ಚಿಟ್ಟ ಮುಖ್ಯಸ್ಥರಿಗೆ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಡಿ ಒಂದು ವರ್ಷದವರೆಗೆ ಜೈಲು ಆಗಬಹುದು.

ಶಿರಸಿ, ಕಾರವಾರ ಎರಡೂ ಶೈಕ್ಷಣಿಕ ಜಿಲ್ಲೆಗಳ ಉಪನಿರ್ದೇಶಕರಲ್ಲಿ ನಮ್ಮ ಕೋರಿಕೆ ಇಷ್ಟೇ. ಸಾರಿಗೆ ಸಂಸ್ಥೆಯೊಂದಿಗೆ ಮಾತಾಡಿ, ಶಾಲೆ ಬಿಟ್ಟ ಮೇಲಿನ ಮೊದಲ ಬಸ್ಸಿನಲ್ಲಿ ನಿರ್ವಾಹಕರ ಹತ್ತಿರದ ಎರಡು ಸಾಲುಗಳನ್ನು ಏಳನೇ ತರಗತಿಯ ಒಳಗಿನವರಿಗೆ ಬಿಡಿಸಿಕೊಡಲಿ. ಹಿಂದಿನ ಉದ್ದ ಸೀಟಿನಲ್ಲಿ ಏನು ನಡೆಯುತ್ತದೆಂದು ಪಾಸಿನ ಮಕ್ಕಳಿಗೆಲ್ಲ ಗೊತ್ತು.

– ಕೆಲವು ನಿವೃತ್ತ ಶಿಕ್ಷಕರು, ಶಿರಸಿ