ನಮ್ಮದೇ ರಕ್ತ ಸರಿ, ಸೂಜಿ ಯಾರ ಕೈಯಲ್ಲಿ?

ಮಾನ್ಯರೇ,

ಮಂಗಳೂರಿನಲ್ಲಿ ಮದುವೆ ಸೀಸನ್ ಬಂದರೆ ಪಿಆರ್‌ಪಿ ಫೇಶಿಯಲ್ ಮಾತು ಜಾಸ್ತಿ. ನಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ಜೋರಾಗಿ ತಿರುಗಿಸಿ, ಪ್ಲೇಟ್‌ಲೆಟ್ ಹೆಚ್ಚಿರುವ ಹಳದಿ ದ್ರವವನ್ನು ಬೇರೆ ಮಾಡಿ, ಸಣ್ಣ ಸೂಜಿಗಳಿಂದ ಮುಖದ ಚರ್ಮಕ್ಕೆ ಸೇರಿಸುತ್ತಾರೆ. ನಮ್ಮ ರಕ್ತ ತಾನೇ, ಏನಾಗುತ್ತೆ ಅಂತ ಸುಮ್ನೆ ಒಪ್ಪಬೇಡಿ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಲೈಸೆನ್ಸ್ ಇಲ್ಲದ ಸ್ಪಾ ಒಂದರಲ್ಲಿ ಇದನ್ನು ಮಾಡಿಸಿಕೊಂಡ ಮಹಿಳೆಯರಿಗೆ ಎಚ್‌ಐವಿ ತಗುಲಿದ್ದನ್ನು ಅಲ್ಲಿನ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2024ರಲ್ಲಿ ವರದಿ ಮಾಡಿತು. ಹೆಸರಿಲ್ಲದ ರಕ್ತದ ಟ್ಯೂಬ್‌ಗಳು ಅಡುಗೆಮನೆಯ ಫ್ರಿಜ್‌ನಲ್ಲಿ ತಿಂಡಿ ಜೊತೆಗಿದ್ದವಂತೆ. ಎಂಥ ಭಯಂಕರ, ಅಲ್ವಾ? ಚರ್ಮ ವೈದ್ಯರ ಬಳಿಯೇ ಹೋಗಿ, ಹೊಸ ಸೂಜಿಯ ಪ್ಯಾಕೆಟನ್ನು ಕಣ್ಣೆದುರೇ ಬಿಚ್ಚಲು ಹೇಳಿ, ರಾಜ್ಯದ ಖಾಸಗಿ ಕ್ಲಿನಿಕ್‌ಗಳಿಗೆ ಕೊಡುವ ಕೆಪಿಎಂಇ ನೋಂದಣಿ ಪತ್ರ ಕೇಳಿ. ಬ್ಯೂಟಿ ಪಾರ್ಲರ್‌ಗಳಲ್ಲಿ ಯಾರಾದರೂ ಸೂಜಿ ಹಿಡಿಯುತ್ತಿದ್ದಾರಾ ಎಂದು ಜಿಲ್ಲಾ ಆರೋಗ್ಯ ಇಲಾಖೆ ಕೂಡಲೇ ತಪಾಸಣೆ ಮಾಡಲಿ.

– ಓದುಗರೊಬ್ಬರು, ಕದ್ರಿ, ಮಂಗಳೂರು